ಕುದುರೆಗಾಡಿಯ ಹಿಂದೆ ನಮ್ಮವರು

ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ಮದುವೆಯಾದರೆ ನಗೋದಕ್ಕೆ ಬೇರೆ ಏನೂ ಹುಡುಕಬೇಕಿಲ್ಲ, ದಿನಕ್ಕೊಂದು ಪ್ರಸಂಗ ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. ಆದರೆ ನಗು ಬರುವುದು ಆರು ತಿಂಗಳಾದ ಮೇಲೆ. ಆ ಹೊತ್ತಿಗೆ ಬರುವುದು ಸಿಟ್ಟು ಮಾತ್ರ. ಈಗ ವರ್ಷಗಳೇ ಕಳೆದಿವೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಫ್ರಿಜ್ಜಿನ ಮೇಲಿನ ಕಾಗದ

ನಾನು ಮೈಸೂರಿನವಳು, ನಮ್ಮವರು ಕುಂದಾಪುರದ ಕಡೆಯವರು. ಪಾರ್ಕ್ ರಾಯಲ್‌ನಲ್ಲಿ ಚಪಾತಿ, ಸಮೋಸ ಮಾಡಿ ಲಂಡನ್ ತುಂಬ ಹಂಚುವ ಫ್ಯಾಕ್ಟರಿಯೊಂದರಲ್ಲಿ ಅವರಿಗೆ ಲಾರಿ ಕಳಿಸುವ ಕೆಲಸ. ಒಂದು ಲಾರಿ ಗೇಟು ದಾಟಿತೋ ಇಲ್ಲವೋ, "ನೆಕ್ಸ್ಟ್" ಅನ್ನಬೇಕು. ದಿನಕ್ಕೆ ಐವತ್ತು ಸಲ ಅಂದೂ ಅಂದೂ ಆ "ನೆಕ್ಸ್ಟ್" ಸಂಜೆ ಅವರ ಜೊತೆ ಮನೆಗೂ ಬರುತ್ತಿತ್ತು. ಊಟಕ್ಕೆ ಕೂತರೆ ಸಾರನ್ನ ಮುಗಿಯುವ ಮೊದಲೇ ಮಜ್ಜಿಗೆ ಎಲ್ಲಿ ಅಂತ ಕಣ್ಣಾಡಿಸುವವರು. ಟಿವಿ ಮುಂದೆ ಕೂತರೆ ರಿಮೋಟು ಬಿಸಿಯಾಗುತ್ತಿತ್ತು, ಕಾರ್ಯಕ್ರಮ ಒಂದೂ ನೋಡಿದ್ದಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ಅವರು ಮನೆಗೂ "ನೆಕ್ಸ್ಟ್" ಅನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಈಸ್ಟ್ ಹ್ಯಾಮ್, ವೆಂಬ್ಲಿ, ಹ್ಯಾರೋ, ಸೌತಾಲ್, ಹೇಸ್, ಒಟ್ಟು ಐದು ಬಾಡಿಗೆ ಮನೆ. ನನ್ನ ಮಿಕ್ಸಿಯ ಖಾಲಿ ಡಬ್ಬ ಯಾವತ್ತೂ ಎಸೆದಿಲ್ಲ. ಎಸೆದ ಮರುದಿನವೇ ಬೇಕಾಗುತ್ತದೆ ಅಂತ ನನಗೆ ಗೊತ್ತು. ಹತ್ತು ವರ್ಷದ ಮಗಳು ಮೂರು ಸ್ಕೂಲು ಕಂಡಿದ್ದಳು. ಹೇಸ್‌ಗೆ ಬಂದ ಮೇಲೆ ಅವಳಿಗೆ ಮೊದಲ ಸಲ ಒಬ್ಬಳು ಗೆಳತಿ ಸಿಕ್ಕಿದ್ದಳು. ನಮ್ಮ ಸಾಲಿನಲ್ಲೇ ಎರಡು ಮನೆ ಆಚೆ. ಇಬ್ಬರೂ ಕೈ ಹಿಡಿದುಕೊಂಡು ಸ್ಕೂಲಿಗೆ ಹೋಗುವುದನ್ನು ನೋಡಿದರೆ ನನ್ನ ಹೊಟ್ಟೆ ತಂಪಾಗುತ್ತಿತ್ತು.

ಅಷ್ಟರಲ್ಲಿ ಇವರ ಬಾಯಲ್ಲಿ ಸ್ಟ್ರಾಟ್‌ಫರ್ಡ್ ಶುರುವಾಯಿತು. ಅಲ್ಲಿ ದೊಡ್ಡ ಸ್ಟೇಷನ್ ಬರ್ತದಂತೆ, ಅಂಗಡಿ ಬರ್ತದಂತೆ, ಈಗಲೇ ಹೋದವರು ಜಾಣರಂತೆ. "ನಿಮಗೆ ಅಲ್ಲಿಂದ ಕೆಲಸಕ್ಕೆ ಒಂದೂವರೆ ಗಂಟೆ ಆಗುತ್ತಲ್ಲ" ಅಂದರೆ, "ಆಗ್ಲಿ, ದಾರಿ ಚೆನ್ನಾಗಿದೆ" ಅಂದರು. ಅತ್ತ ಹೇಸ್ ಮನೆಯ ಯಜಮಾನ ಮೂರು ವರ್ಷದ ಕರಾರುಪತ್ರ ಕಳಿಸಿ, ಸಹಿ ಹಾಕ್ತೀರೋ, ಖಾಲಿ ಮಾಡ್ತೀರೋ, ಅಕ್ಟೋಬರ್ ರಜೆ ಮುಗಿಯುವುದರೊಳಗೆ ತಿಳಿಸಿ ಅಂದಿದ್ದ. ಆ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಮೂರು ವಾರದಿಂದ ನೇತಾಡುತ್ತಿತ್ತು. ಸಹಿ ಹಾಕಬೇಕಾದವರು ಹಾಲು ತೆಗೆಯುವಾಗಲೆಲ್ಲ ಅದನ್ನು ನೋಡದವರ ಹಾಗೆ ಇರುತ್ತಿದ್ದರು.

ಆ ರಜೆಗೆ ಎಲ್ಲಾದರೂ ಹೋಗೋಣ ಅಂತ ಹೊರಟಾಗ ಜಾಗ ಆರಿಸಿದವಳು ನಾನು. ನಮ್ಮ ಜಿಪಿ ಡಾಕ್ಟರ ಹತ್ತಿರ ಸರದಿಗೆ ಕಾದು ಕೂತಿದ್ದಾಗ ಹಳೆಯ ಪತ್ರಿಕೆಯೊಂದರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಅಮಿಶ್ ರೈತರ ಬಗ್ಗೆ ಓದಿದ್ದೆ. ಕಾರು ಬೇಡ, ಕರೆಂಟು ಬೇಡ, ಟಿವಿ ಬೇಡ ಅಂತ ತಲೆತಲಾಂತರದಿಂದ ಕುದುರೆಗಾಡಿಯಲ್ಲೇ ಓಡಾಡಿಕೊಂಡು, ಹುಟ್ಟಿದ ಹೊಲದಲ್ಲೇ ಉತ್ತು ಬಿತ್ತಿ ಇರುವ ಜನ. ನಮ್ಮವರಿಗೆ ಇಂಥವರ ಗಾಳಿಯಾದರೂ ಸೋಕಲಿ ಅನ್ನಿಸಿತು.

ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಸ್ಟ್ರಾಟ್‌ಫರ್ಡ್ ಜಗಳ ಜೋರಾದಾಗ ಮಗಳು ನಡುವೆ ಬಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷಿನಲ್ಲಿ. ಅವಳು ಹೇಳಿದ್ದು ಇಷ್ಟು: "ಅಪ್ಪ, ಈ ಪ್ರವಾಸದಲ್ಲಿ ನೀವು ಒಂದೇ ಒಂದು ಗಂಟೆ ಒಂದೇ ಜಾಗದಲ್ಲಿ ಸುಮ್ಮನೆ ಕೂರಬೇಕು. ಎದ್ದರೆ ಔಟ್. ನೆಕ್ಸ್ಟ್ ಅಂದರೂ ಔಟ್. ಎಷ್ಟು ಸಲ ಬೇಕಾದರೂ ಪ್ರಯತ್ನ ಮಾಡಿ. ಗೆದ್ದರೆ ನಾನು ಅಳದೆ ಸ್ಟ್ರಾಟ್‌ಫರ್ಡಿಗೆ ಬರ್ತೀನಿ. ಇಲ್ಲದಿದ್ದರೆ ವಾಪಸ್ ಬಂದು ಆ ಕಾಗದಕ್ಕೆ ಸಹಿ ಹಾಕ್ತೀರಿ."

ಇವರು ಗಹಗಹಿಸಿ ನಕ್ಕು ಕೈ ಮೇಲೆ ಕೈ ಹಾಕಿದರು. "ಒಂದು ಗಂಟೆ ಯಾವ ಮಹಾ?"

ಊರಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ ಮೂಲೆಯಲ್ಲಿ ಬೀನ್ಸ್ ಮುರಿಯುತ್ತಿದ್ದರು. ನಲವತ್ತೈದರ ಮಗ ಅವರಿಗೆ ಇನ್ನೂ ಮಾಣಿ. ತಲೆ ಎತ್ತದೆಯೇ ಅಂದರು, "ಮಾಣಿ ಒಂಬತ್ತ್ ತಿಂಗ್ಳೂ ಪೂರ್ತಿ ಕೂಕಂಡದ್ದಲ್ಲ. ಎಂಟಕ್ಕೇ ಹೊರ್ಗ್ ಬಂದದ್ದ್."

ಬೆಲ್ಟಿನ ದೀಪ

ಅತ್ತೆಯೂ ಸೇರಿ ನಾವು ನಾಲ್ವರೂ ಹೊರಟೆವು. ವಿಮಾನ ಹೀಥ್ರೋ ಬಿಟ್ಟ ಕೂಡಲೇ ಇವರು ಕಾಲು ಚಾಚಿ, "ಎಂಟು ಗಂಟೆ ಪ್ರಯಾಣ. ಕೂತಲ್ಲೇ ಗೆದ್ದೆ" ಅಂದರು. ಮಗಳು ಒಪ್ಪಲಿಲ್ಲ. ಬೆಲ್ಟು ಕಟ್ಟಿ ಕೂರಿಸಿದ್ದು, ನಿದ್ದೆ ಮಾಡಿದ್ದು, ಕಾರು ಓಡಿಸಿದ್ದು ಯಾವುದೂ ಲೆಕ್ಕಕ್ಕಿಲ್ಲ ಅಂದಳು. ಅವಳು ಅಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಊಟದ ಟ್ರೇ ಬರುವುದರೊಳಗೆ ಇವರು ಮೂರು ಸಲ ಎದ್ದಾಗಿತ್ತು. ಆಮೇಲೆ ಹಿಂದಿನ ಬಾಗಿಲಿನವರೆಗೆ ಹೋಗುವುದು, ಮುಂದಿನ ಪರದೆಯವರೆಗೆ ಬರುವುದು. ಊಟ ಹಂಚುವ ಗಾಡಿ ಎಡಗಡೆ ಸಾಲಿನಲ್ಲಿ ಬಲಗಡೆಗಿಂತ ನಿಧಾನ ಅಂತ ಗಗನಸಖಿಗೆ ತಿಳಿಸಿ ಕೂಡ ಬಂದರು. ಆ ಹುಡುಗಿ ಬಹಳ ಸಮಾಧಾನದವಳು, "ಥ್ಯಾಂಕ್ಯೂ ಸರ್" ಅಂದಳಂತೆ.

ಅಟ್ಲಾಂಟಿಕ್ ಮೇಲೆ ಒಂದು ಮೋಡವೂ ಇರಲಿಲ್ಲ, ವಿಮಾನ ಒಂದಿಷ್ಟೂ ಅಲುಗಲಿಲ್ಲ. ಆದರೂ ಬೆಲ್ಟು ಕಟ್ಟಿಕೊಳ್ಳಿ ಅನ್ನುವ ದೀಪ ಏಳು ಸಲ ಹತ್ತಿತು. ಅದು ನಮ್ಮವರೊಬ್ಬರಿಗಾಗಿಯೇ ಹತ್ತಿದ್ದು ಅಂತ ನಮ್ಮತ್ತೆ ಇವತ್ತಿಗೂ ನಂಬಿದ್ದಾರೆ.

ಓವರ್‌ಟೇಕ್

ಇಳಿದು ಬಾಡಿಗೆ ಕಾರು ತೆಗೆದುಕೊಂಡು ಅಮಿಶ್ ಊರುಗಳ ಕಡೆ ತಿರುಗಿದೆವು. ಕಿರಿದಾದ ರಸ್ತೆ, ಎರಡೂ ಕಡೆ ಒಣಗಿ ನಿಂತ ಜೋಳ, ಮಧ್ಯೆ ಮಧ್ಯೆ ಕೆಂಪಗೆ ಹಳದಿಯಾಗಿ ಎಲೆ ಉದುರಿಸುವ ಮರ. ನಾನು ಕಿಟಕಿ ಇಳಿಸಿ ಕಣ್ತುಂಬ ನೋಡುತ್ತಿದ್ದೆ. ನಮ್ಮವರು ನೋಡುತ್ತಿದ್ದದ್ದು ಮುಂದಿದ್ದ ಕುದುರೆಗಾಡಿಯ ಹಿಂಭಾಗ ಮಾತ್ರ. ಬೂದು ಬಣ್ಣದ ಡಬ್ಬದಂಥ ಗಾಡಿ, ಹಿಂದೆ ಒಂದು ಕಿತ್ತಳೆ ತ್ರಿಕೋನ. ಗಂಟೆಗೆ ಎಂಟು ಮೈಲಿ ವೇಗ. ಹಾರನ್ ಮಾಡಿದರೆ ಕುದುರೆ ಬೆದರುತ್ತದೆ, ಮಾಡಬೇಡಿ ಅಂತ ಕಾರು ಕೊಟ್ಟವನು ಎರಡೆರಡು ಸಲ ಹೇಳಿದ್ದ. ಇವರ ಕೈ ಹಾರನ್ ಮೇಲೆ ಹೋಗುವುದು, ವಾಪಸ್ ಬರುವುದು.

ಇಪ್ಪತ್ತು ನಿಮಿಷ ಆದ ಮೇಲೆ ರಸ್ತೆ ಅಗಲವಾಯಿತು. ಇವರು ಭರ್ ಅಂತ ಮುಂದೆ ಹೋದರು. "ನೋಡಿದ್ಯಾ ಮಾರಾಯ್ತಿ, ಹೆಂಗೆ" ಅಂತ ಒಂದು ಹೆಮ್ಮೆ ಬೇರೆ. ಎರಡು ಮೈಲಿ ಹೋಗಿ ಕಾಫಿಗೆ ನಿಲ್ಲಿಸಿದೆವು. ಕುಡಿದು ಹೊರಗೆ ಬಂದು ರಸ್ತೆಗೆ ಇಳಿದರೆ ಮುಂದೆ ಅದೇ ಗಾಡಿ, ಅದೇ ತ್ರಿಕೋನ. ಮತ್ತೆ ಹತ್ತು ನಿಮಿಷ ಹಿಂದೆ, ಮತ್ತೆ ಭರ್. ಮುಂದೆ ಮಗಳಿಗೆ ಬಾತ್‌ರೂಮು, ಆಚೆ ಬಂದರೆ ಅದೇ ಗಾಡಿ. ಇವರು ನಕ್ಷೆ ನೋಡಿ ಒಳದಾರಿ ಹಿಡಿದರು. ಒಳದಾರಿ ಒಂದು ದನದ ಕೊಟ್ಟಿಗೆಯಲ್ಲಿ ಮುಗಿಯಿತು. ತಿರುಗಿ ಬಂದರೆ ಅದೇ ಗಾಡಿ.

ನಾಲ್ಕನೇ ಸಲ ಆ ಗಡ್ಡದ ಮನುಷ್ಯ ತಾನಾಗಿ ಗಾಡಿಯನ್ನು ರಸ್ತೆ ಪಕ್ಕಕ್ಕೆ ಎಳೆದು ನಿಲ್ಲಿಸಿ, ಟೋಪಿ ತೆಗೆದು, ದಯವಿಟ್ಟು ಹೋಗಿ ಅಂತ ಕೈ ಮಾಡಿದ. ದಾಟುವಾಗ ನಮ್ಮ ಮುಖ ನೋಡಿ ಬಹಳ ಮರುಕದಿಂದ ತಲೆ ಬಾಗಿಸಿದ.

"ಪಾಪ, ಒಳ್ಳೆ ಜನ" ಅಂದರು ನಮ್ಮತ್ತೆ. "ನಮ್ಮನೇಲಿ ಯಾರೋ ಸತ್ತಿರ್ಕ್ ಅಂದೇಳಿ ತಿಳ್ಕಂಡ್ರ್ ಕಾಣತ್ತ್."

ಮಿಡಿ ಉಪ್ಪಿನಕಾಯಿ

ಒಂದು ಮನೆಯ ಮುಂದೆ ಉಪ್ಪಿನಕಾಯಿ ಮಾರಾಟಕ್ಕಿದೆ ಅನ್ನುವ ಹಲಗೆಯನ್ನು ನಾನು ಓದಿ ಹೇಳಿದ್ದೇ ತಡ, ನಮ್ಮತ್ತೆ ಕಾರು ನಿಲ್ಲಿಸು ಅಂದರು. ನೆಲಮಾಳಿಗೆಯಲ್ಲಿ ಗೋಡೆ ತುಂಬ ಗಾಜಿನ ಭರಣಿ. ಬೀಟ್‌ರೂಟು, ಬೀನ್ಸು, ಸೌತೆಕಾಯಿ, ಎಲ್ಲವೂ ಸಿಹಿ ಹುಳಿಯಲ್ಲಿ. ಮಾರುವಾಕೆ ತಲೆಗೆ ಬಿಳಿ ಟೋಪಿ ಕಟ್ಟಿದ, ಕಪ್ಪು ಲಂಗದ ದೊಡ್ಡ ಹೆಂಗಸು. ಮೈಮೇಲೆ ಒಂದು ಗುಂಜಿ ಒಡವೆ ಇಲ್ಲ. ಅತ್ತೆಗೆ ಇಂಗ್ಲಿಷ್ ಬಾರದು, ಆಕೆ ಮನೆಯಲ್ಲಿ ಆಡುವುದು ಯಾವುದೋ ಹಳೆಯ ಜರ್ಮನ್. ನಾನು ನಡುವೆ ನಿಂತು ಅನುವಾದ ಮಾಡಲು ಹೋದರೆ ಇಬ್ಬರೂ ನನ್ನನ್ನು ಪಕ್ಕಕ್ಕೆ ಸರಿಸಿದರು.

ಅತ್ತೆ ಒಂದೊಂದು ಭರಣಿಯಿಂದಲೂ ರುಚಿ ನೋಡಿ ಮುಖ ಹುಳ್ಳಗೆ ಮಾಡಿದರು. ಆಮೇಲೆ ತಮ್ಮ ಕೈಚೀಲದಿಂದ ಕುಂದಾಪುರದ ಮಾವಿನ ಮಿಡಿಯ ಬಾಟಲಿ ತೆಗೆದರು. ಅದು ಪಾಸ್‌ಪೋರ್ಟಿನ ಜೊತೆಯಲ್ಲೇ ಇರುತ್ತಿತ್ತು. "ಒಂಚೂರ್ ಸಾಕ್" ಅಂತ ಬೆರಳಲ್ಲಿ ತೋರಿಸಿದರೂ ಆಕೆ ಇಡೀ ಮಿಡಿಯನ್ನು ಬಾಯಿಗೆ ಹಾಕಿಕೊಂಡಳು.

ಆಕೆಯ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಕಣ್ಣಲ್ಲಿ ಧಾರಾಕಾರ. ಎರಡು ಲೋಟ ಹಾಲು ಕುಡಿದು, ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿ ಒಳಗೆ ಹೋಗಿಬಿಟ್ಟಳು. ಇನ್ನು ಗಂಡಸರನ್ನು ಕರೆದುಕೊಂಡು ಬರುತ್ತಾಳೆ, ಕೇಸು ಹಾಕುತ್ತಾಳೆ ಅಂತ ನಾನು ಮೆಟ್ಟಿಲ ಕಡೆಯೇ ನೋಡುತ್ತ ನಿಂತೆ. ಐದು ನಿಮಿಷಕ್ಕೆ ವಾಪಸ್ ಬಂದಳು. ಕೈಯಲ್ಲಿ ತೊಳೆದು ಒರೆಸಿದ ಒಂದು ಖಾಲಿ ಭರಣಿ. ಅದನ್ನು ಅತ್ತೆಯ ಮುಂದೆ ಹಿಡಿದಳು.

ಇದು ನಡೆಯುವಾಗ ನಮ್ಮವರು ಹೊರಗೆ ಅಂಗಳದ ಬೆಂಚಿನ ಮೇಲೆ ಗಂಟೆಯ ಪರೀಕ್ಷೆಗೆ ಕೂತಿದ್ದರು, ಮಗಳು ಕೈಗಡಿಯಾರ ಹಿಡಿದು ಎದುರಿಗೆ. ನಾವು ಹೊರಗೆ ಬಂದರೆ ಬೆಂಚು ಖಾಲಿ. ಅಂಗಳದಲ್ಲಿ ಅಡ್ಡಾದಿಡ್ಡಿ ನಿಂತಿದ್ದ ಪ್ರವಾಸಿಗರ ಕಾರುಗಳೆಲ್ಲ ಒಂದು ಸಾಲಿನಲ್ಲಿ, ಕುದುರೆಗಾಡಿಗಳೆಲ್ಲ ಇನ್ನೊಂದು ಸಾಲಿನಲ್ಲಿ ಶಿಸ್ತಾಗಿ ನಿಂತಿವೆ. ಮೂರು ಜನ ಗಡ್ಡದವರು ಲಗಾಮು ಹಿಡಿದು ನಮ್ಮವರ ಅಪ್ಪಣೆಗೆ ಕಾಯುತ್ತಿದ್ದಾರೆ.

"ಇಪ್ಪತ್ತೆರಡು ನಿಮಿಷ" ಅಂದಳು ಮಗಳು.

"ನಾನೆಂತ ಮಾಡ್ಲಿ?" ಅಂದರು ಇವರು. "ಮೊದಲು ಹೋಗೋ ಕುದುರೆನ ಹಿಂದೆ ನಿಲ್ಲಿಸಿದ್ರೆ ಯಾರಿಗೆ ತಡ್ಕೊಳ್ಳೋಕಾಗ್ತದೆ?"

ಹುಲ್ಲಿನ ಬಂಡಿ

ಮರುದಿನ ಹುಲ್ಲು ಹಾಸಿದ ಬಂಡಿಯಲ್ಲಿ ಹೊಲ ಸುತ್ತಿಸುವ ಕಡೆ ಹೋದೆವು. ಎರಡು ಹೇಸರಗತ್ತೆ, ಒಂದೂಕಾಲು ಗಂಟೆಯ ಸುತ್ತು. ಬೆಲ್ಟಿಲ್ಲ, ಹಾಗಾಗಿ ಲೆಕ್ಕಕ್ಕುಂಟು ಅಂತ ಮಗಳು ಒಪ್ಪಿಕೊಂಡು ತಪ್ಪು ಮಾಡಿದಳು. ನಲವತ್ತು ನಿಮಿಷವಾದರೂ ಇವರು ಅಲುಗಲಿಲ್ಲ. ನನಗೆ ಹೆದರಿಕೆ ಶುರುವಾಯಿತು. ಮಗಳ ಮುಖ ಸಣ್ಣದಾಯಿತು. ಸೀಳಿದ ಹುಲ್ಲುಕಡ್ಡಿಯೊಂದನ್ನು ಮತ್ತೆ ಮತ್ತೆ ಸೀಳುತ್ತ ಕೂತಿದ್ದಳು. ನಾನು ಮನಸ್ಸಿನಲ್ಲೇ ಮಿಕ್ಸಿಯನ್ನು ಡಬ್ಬಕ್ಕೆ ತುಂಬತೊಡಗಿದೆ.

ಐವತ್ತೊಂದನೇ ನಿಮಿಷಕ್ಕೆ ಒಂದು ಏರು ಬಂತು. ಕತ್ತೆಗಳು ನಿಧಾನವಾದವು, ಆಮೇಲೆ ಇನ್ನೂ ನಿಧಾನವಾದವು. ಇವರ ಬಲಗಾಲು ತಾನಾಗಿ ಕುಣಿಯತೊಡಗಿತು. ತಡೆದರು, ತುಟಿ ಕಚ್ಚಿದರು, ಕಣ್ಣು ಮುಚ್ಚಿದರು. ಕೊನೆಗೆ "ಪಾಪ, ಭಾರ ಆಗ್ತಿದೆ ಅವಕ್ಕೆ" ಅಂತ ಧುಮುಕಿಯೇ ಬಿಟ್ಟರು. ಮಗಳು ಹುಲ್ಲಿನ ಮೇಲೆ ಉರುಳಾಡಿ ನಕ್ಕಳು.

ಇಳಿದವರು ಬಂಡಿಯ ಜೊತೆ ನಡೆದುಕೊಂಡು ಬರಬಹುದಿತ್ತು. ಅದೂ ಆಗಲಿಲ್ಲ. ನಾವು ಸುತ್ತು ಮುಗಿಸಿ ಬಂದಾಗ ಇವರು ಆಗಲೇ ತಲುಪಿ, ಎರಡು ಕಾಫಿ ಕುಡಿದು, ಗೇಟಿನ ಹತ್ತಿರ ನಿಂತು ಬಂಡಿಯವನನ್ನು ಕೇಳುತ್ತಿದ್ದರು, "ಯಾಕಿಷ್ಟು ತಡ?"

ಪೂಜೆಗಿಟ್ಟ ಕೀಲಿ

ಕೊನೆಯ ಎರಡು ದಿನ ನಾವು ಇಳಿದುಕೊಂಡದ್ದು ಒಬ್ಬ ಅಮಿಶ್ ಅಜ್ಜನ ಹೊಲದ ಅತಿಥಿ ಮನೆಯಲ್ಲಿ. ಆ ವರ್ಷ ನವರಾತ್ರಿ ತಡವಾಗಿ ಬಂದಿತ್ತು, ನಾವಲ್ಲಿದ್ದಾಗಲೇ ಆಯುಧಪೂಜೆ. ಬಾಡಿಗೆ ಕಾರಾದರೇನು, ನಾಲ್ಕು ಚಕ್ರ ಇದೆಯಲ್ಲ, ಪೂಜೆ ಆಗಲೇಬೇಕು ಅಂತ ನಮ್ಮತ್ತೆ ಪಟ್ಟು ಹಿಡಿದರು. ಕುಂಕುಮ, ನಿಂಬೆಹಣ್ಣು, ಊದುಬತ್ತಿ ಎಲ್ಲ ಅವರ ಪೆಟ್ಟಿಗೆಯಲ್ಲಿ ಹೇಸ್‌ನಿಂದಲೇ ಬಂದಿತ್ತು. ಬೂದುಗುಂಬಳ ಮಾತ್ರ ಇರಲಿಲ್ಲ. ಗೇಟಿನ ಹತ್ತಿರ ಗುಡ್ಡೆ ಹಾಕಿದ್ದ ಕಿತ್ತಳೆ ಬಣ್ಣದ ಸಿಹಿಗುಂಬಳದಲ್ಲೇ ಒಂದನ್ನು ಅಜ್ಜನಿಂದ ಕೊಂಡೆವು.

ಬೆಳಿಗ್ಗೆ ಸ್ನಾನ ಮಾಡಿ ಕಾರಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಚಕ್ರದಡಿ ನಿಂಬೆಹಣ್ಣಿಟ್ಟು ಕಾರನ್ನು ಎರಡಡಿ ಮುಂದೆ ತಂದಾಯಿತು. ಇನ್ನು ಕುಂಬಳಕಾಯಿ. ತೂತು ಮಾಡಿ ಒಳಗೆ ಕುಂಕುಮದ ನೀರು ತುಂಬಿ ಮುಚ್ಚಿ ಇವರ ಕೈಗೆ ಕೊಟ್ಟೆವು. ಕುಂಬಳಕಾಯಿ ಒಡೆಯುವುದು ಗಂಡಸರ ಕೆಲಸ ತಾನೆ. ಇವರು ಮೂರು ಸುತ್ತು ನಿವಾಳಿಸಿ ಎತ್ತಿ ಹಾಕಿದರು. ಒಡೆಯಲಿಲ್ಲ. ಪುಟಿದು ಇಳಿಜಾರಿನಲ್ಲಿ ಉರುಳತೊಡಗಿತು. ಇವರು ಪಂಚೆ ಎತ್ತಿ ಕಟ್ಟಿ ಹಿಂದೆ ಓಡಿದರು. ಹಿಡಿದು ತಂದು ಮತ್ತೆ ಎಸೆದರೆ ಮತ್ತೆ ಉರುಳಿತು. ಮೂರನೇ ಸಲ ಕಲ್ಲಿನ ಮೇಲೆ ಅಪ್ಪಳಿಸಿದ ಮೇಲೆ ಒಡೆಯಿತು, ದಾರಿ ತುಂಬ ಕೆಂಪು ಕೆಂಪು.

ಆ ಕೆಂಪು ನೋಡಿ ಅಜ್ಜ ಹೊಲದಿಂದ ಓಡೋಡಿ ಬಂದರು. ಎಪ್ಪತ್ತು ದಾಟಿದ, ಎದೆಯವರೆಗೆ ಬಿಳಿ ಗಡ್ಡದ ಮನುಷ್ಯ. ಯಾರಿಗೂ ಪೆಟ್ಟಾಗಿಲ್ಲ ಅಂತ ಗೊತ್ತಾದ ಮೇಲೆ ಉಸಿರು ಬಿಟ್ಟು, "ಒಳ್ಳೆ ಕುಂಬಳಕಾಯಿ ಯಾಕೆ ಒಡೆದಿರಿ?" ಅಂತ ಕೇಳಿದರು. ಕಾರಿಗೆ ಅಪಘಾತ ಆಗದೆ ಇರಲಿ ಅಂತ, ಇದು ನಮ್ಮ ಪದ್ಧತಿ ಅಂದರು ಇವರು.

ಅಜ್ಜ ಕಾರನ್ನು ನೋಡಿದರು, ಕುಂಬಳಕಾಯಿ ನೋಡಿದರು. "ನಾವು ಅದಕ್ಕೇ ಕಾರು ಇಟ್ಟುಕೊಂಡಿಲ್ಲ" ಅಂದರು.

ಅಲ್ಲಿಗೆ ಮುಗಿಯಿತು ಅಂದುಕೊಂಡು ಇವರು ಪ್ಯಾಂಟು ಹಾಕಿ ಸಿದ್ಧರಾದರು. ಆ ದಿನದ ಪಟ್ಟಿಯಲ್ಲಿ ಒಂದು ಸಂತೆ, ಒಂದು ಹಳೇ ರೈಲು, ಎರಡು ಸೇತುವೆ ಇತ್ತು. ನೋಡಿದರೆ ಕಾರಿನ ಕೀಲಿ ಇಲ್ಲ. ಫೋನೂ ಇಲ್ಲ, ವಾಚೂ ಇಲ್ಲ. ಮೂರೂ ಒಳಗೆ ಮೇಜಿನ ಮೇಲೆ, ದೇವರ ಫೋಟೋದ ಮುಂದೆ ತಟ್ಟೆಯಲ್ಲಿ, ಕುಂಕುಮ ಹೂವು ಏರಿಸಿಕೊಂಡು ಕೂತಿದ್ದವು. ಪಕ್ಕದಲ್ಲಿ ನನ್ನ ತರಕಾರಿ ಚಾಕು.

"ಅಮ್ಮ, ಕೀಲಿ" ಅಂತ ಕೈ ಹಾಕಿದರು.

"ಮುಟ್ಟೂಕಾಗ" ಅಂದರು ಅತ್ತೆ. "ಪೂಜೆಗಿಟ್ಟ ಆಯುಧ ನಾಳೆ ದಶಮಿಗೇ ತೆಗುದ್."

"ಪಾರ್ಕ್ ರಾಯಲ್‌ನಲ್ಲಿ ಪೂಜೆ ಮಾಡಿದ ಲಾರಿ ಅವತ್ತೇ ಹೋಗ್ತದೆ."

"ಅದ್ ಲಾರಿ. ನೀನ್ ಮನ್ಷ. ಒಂದ್ ದಿನ ಕೂಕೋ ಮಾಣಿ."

ತಾಯಿಯ ಮಾತು ಮೀರುವ ಧೈರ್ಯ ಆ ಮನುಷ್ಯನಿಗೆ ಯಾವತ್ತೂ ಇಲ್ಲ. ಗೇಟಿನವರೆಗೆ ನಡೆದು ಹೋದರು, ಬಂದರು. ಮತ್ತೆ ಹೋದರು, ಬಂದರು. ಇಡೀ ಬೆಳಗ್ಗೆ ಆ ದಾರಿ ಸವೆಸಿದರು. ಅಜ್ಜ ತಮ್ಮ ಜಗಲಿಯಲ್ಲಿ ಜೋಳದ ತೆನೆಯ ರಾಶಿ ಹಾಕಿಕೊಂಡು ಸಿಪ್ಪೆ ಸುಲಿಯುತ್ತಿದ್ದರು. ನಮ್ಮತ್ತೆ ಅಲ್ಲೇ ತೂಗುಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ನಾನೂ ಮಗಳೂ ಮೆಟ್ಟಿಲ ಮೇಲೆ. ಇವರು ಹನ್ನೊಂದನೇ ಸಲ ಮುಂದೆ ಹಾದಾಗ ಅಜ್ಜ ತಲೆ ಎತ್ತಿ, "ಒಂದು ಕುರ್ಚಿ ಖಾಲಿ ಇದೆ" ಅಂದರು. ಇವರು ಕೂತರು, ಒಂದು ತೆನೆ ಎತ್ತಿಕೊಂಡರು. ಮಗಳು ಗಡಿಯಾರ ನೋಡಿಕೊಂಡಳು.

ಸ್ವಲ್ಪ ಹೊತ್ತಿಗೆ ಇವರೇ ಮಾತು ತೆಗೆದರು. "ಈ ಮನೆಯಲ್ಲಿ ಬಹಳ ವರ್ಷದಿಂದ ಇದ್ದೀರಾ?"

"ಇಲ್ಲ, ಮೊನ್ನೆ ಮೊನ್ನೆ ಬಂದದ್ದು. ಆರು ವರ್ಷ ಆಯ್ತು."

ಇವರಿಗೆ ಖುಷಿಯಾಯಿತು. ತಮ್ಮ ಜಾತಿಯವರು ಒಬ್ಬರು ಸಿಕ್ಕರು ಅಂತ. "ಮೊದಲು ಎಲ್ಲಿದ್ದಿರಿ?"

ಅಜ್ಜ ಕೈಯಲ್ಲಿದ್ದ ತೆನೆಯಿಂದ ಪಕ್ಕದ ಬಾಗಿಲು ತೋರಿಸಿದರು. ಇದೇ ಗೋಡೆಗೆ ಅಂಟಿಕೊಂಡ ದೊಡ್ಡ ಮನೆ. "ಅಲ್ಲೇ ಹುಟ್ಟಿದ್ದು. ಮಗನ ಸಂಸಾರ ದೊಡ್ಡದಾಯ್ತು, ಅವನಿಗೆ ಬಿಟ್ಟು ನಾವು ಈ ಕಡೆ ಬಂದೆವು."

"ಹೇಗಿದೆ ಹೊಸ ಮನೆ?"

"ಪರವಾಗಿಲ್ಲ" ಅಂದರು ಅಜ್ಜ. "ಸ್ವಲ್ಪ ದೂರ ಆಯ್ತು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಜ್ಜ ನಗಲಿಲ್ಲ, ನಿಜವಾಗಿಯೇ ಹೇಳಿದ್ದರು. "ನೀವು?" ಅಂತ ಕೇಳಿದರು. ಇವರು ಐದೂ ಮನೆಯ ಹೆಸರು ಹೇಳಿ, ಆರನೆಯದು ಸ್ಟ್ರಾಟ್‌ಫರ್ಡ್ ಅಂದರು. ಅಜ್ಜ ಎರಡು ತೆನೆ ಸುಲಿದು ಮುಗಿಸಿದರು. ಆಮೇಲೆ ಕೇಳಿದರು, "ಆ ಮನೆಗಳಿಗೆ ಏನಾಗಿತ್ತು?"

ಇವರು ಬಾಯಿ ತೆರೆದರು. "ಈಸ್ಟ್ ಹ್ಯಾಮ್..." ಅಂದು ನಿಲ್ಲಿಸಿದರು. "ಏನೂ ಆಗಿರಲಿಲ್ಲ. ವೆಂಬ್ಲಿ..." ಅಂದರು, ಮತ್ತೆ ಯೋಚಿಸಿದರು. ಹ್ಯಾರೋ ಅಂದರು. ಕೈ ಮಾತ್ರ ತೆನೆ ಸುಲಿಯುತ್ತಲೇ ಇತ್ತು. ಹನ್ನೊಂದು ವರ್ಷ ನಾನು ಅತ್ತು ಕರೆದು ಕೇಳಿದ್ದ ಪ್ರಶ್ನೆ ಅದೇ. ನನಗೆ ಉತ್ತರ ಕೊಡಬೇಕಾದಾಗ ಎದ್ದು ಹೋಗಿಬಿಡುತ್ತಿದ್ದರು. ಇವತ್ತು ಹೋಗಲು ಕಾರಿರಲಿಲ್ಲ. ತಲೆ ಬಗ್ಗಿಸಿ ಕೂತೇ ಇದ್ದರು. ಅವರನ್ನು ಹಾಗೆ ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು.

ತೆನೆಯ ರಾಶಿ ಅರ್ಧ ಕರಗಿದ ಮೇಲೆ ಇವರು ತಲೆ ಎತ್ತಿ "ಗಂಟೆ ಎಷ್ಟು?" ಅಂತ ಕೇಳಿದರು. ಮಗಳು ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಕೆಳತುಟಿ ಅದುರುತ್ತಿತ್ತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಒಂದು ಗಂಟೆ ಹನ್ನೆರಡು ನಿಮಿಷ ಆಯ್ತು" ಅಂದಳು. "ನೀವು ಗೆದ್ದಿರಿ."

ಇವರು ಅವಳ ಮುಖವನ್ನೇ ನೋಡಿದರು. ಆಮೇಲೆ ಬಹಳ ಜೋರಾಗಿ, "ಯಾರು ಹೇಳಿದ್ದು? ನಡುವೆ ನಾನು ಎದ್ದಿದ್ದೆನಲ್ಲ, ಆ ಮೂಲೆಯ ತೆನೆ ತರೋಕೆ" ಅಂದರು.

"ಇಲ್ಲ ಅಪ್ಪ. ನಾನು ನೋಡ್ತಾನೇ ಇದ್ದೆ. ನೀವು ಏಳಲಿಲ್ಲ."

"ಎದ್ದದ್ದ್ ಹೌದ್" ಅಂದರು ನಮ್ಮತ್ತೆ, ತೂಗುಕುರ್ಚಿಯಿಂದ. "ನಾನೇ ಕಂಡಿದೆ." ಅವರ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

ಮಗಳು ಅಜ್ಜನ ಕಡೆ ತಿರುಗಿದಳು. ಈ ಜನ ಸುಳ್ಳು ಹೇಳುವುದಿಲ್ಲ ಅಂತ ಅವಳಿಗೆ ನಾನೇ ಹೇಳಿಕೊಟ್ಟಿದ್ದೆ. ಅಜ್ಜ ಅವಳನ್ನು ನೋಡಿದರು, ಇವರನ್ನು ನೋಡಿದರು. "ಮಗು, ನಾನು ಜೋಳ ನೋಡ್ತಾ ಇದ್ದೆ" ಅಂದರು.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಓಡಿ ಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಜೋಳದ ರಾಶಿ ಜಗಲಿ ತುಂಬ ಚೆಲ್ಲಾಪಿಲ್ಲಿಯಾಯಿತು. ಅದನ್ನು ಮತ್ತೆ ಗುಡ್ಡೆ ಹಾಕುವವರೆಗೂ ಇವರು ಅಲ್ಲಿಂದ ಏಳಲಿಲ್ಲ.

ಹೇಸ್‌ಗೆ ಬಂದ ಭಾನುವಾರ ಇವರು ಶೂ ಕೂಡ ಬಿಚ್ಚದೆ ಫ್ರಿಜ್ಜಿನ ಮೇಲಿನ ಕಾಗದಕ್ಕೆ ಸಹಿ ಹಾಕಿದರು. ನಾನು ಮಿಕ್ಸಿಯ ಡಬ್ಬವನ್ನು ಹರಿದು ಕೌನ್ಸಿಲ್‌ನ ಕಸದ ಚೀಲಕ್ಕೆ ತುಂಬಿದೆ. ಹನ್ನೊಂದು ವರ್ಷದಲ್ಲಿ ಅಷ್ಟು ಸುಖವಾಗಿ ಏನನ್ನೂ ಹರಿದಿರಲಿಲ್ಲ.

ಮಂಗಳವಾರ ಅಂಗಡಿಗೆ ಹೋಗಿ ಬಂದು ಬಾಗಿಲು ತೆರೆದರೆ ಹಾಲ್‌ನಲ್ಲಿ ನಮ್ಮ ಮಂಚ. ಬೆಡ್‌ರೂಮಿನಲ್ಲಿ ಸೋಫಾ. ಅಡುಗೆಮನೆಯ ಮೇಜು ಮೆಟ್ಟಿಲ ಕೆಳಗೆ, ಅದರ ಪಕ್ಕದಲ್ಲಿ ನಮ್ಮತ್ತೆ, ತಮ್ಮ ಕುರ್ಚಿ ಎಲ್ಲಿ ಅಂತ ಹುಡುಕುತ್ತ.

"ಏನ್ರೀ ಇದು?" ಅಂದೆ.

"ಆ ಅಜ್ಜ ಈ ಬಾಗಿಲಿಂದ ಆ ಬಾಗಿಲಿಗೆ ಹೋದದ್ದನ್ನ ನೀನೇ ಮೆಚ್ಚಿಕೊಂಡೆಯಲ್ಲ ಮಾರಾಯ್ತಿ" ಅಂದರು, ಬೀರುವಿನ ಇನ್ನೊಂದು ತುದಿ 'ಹಿಡಿ' ಅಂತ ಕಣ್ಣಲ್ಲೇ ತೋರಿಸುತ್ತ.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ಮೂರು ವರ್ಷ ನಾವು ಹೇಸ್ ಬಿಡಲಿಲ್ಲ. ಸೋಫಾ ಮಾತ್ರ ಹದಿನಾಲ್ಕು ಸಲ ಮನೆ ಬದಲಾಯಿಸಿತು.